ಇಪ್ಪತ್ತು ಸಸಿ ಸಾಲದು, ಮೇಷ್ಟ್ರೇ

ಬೆಂಗಳೂರಿನ ಹಳೆಯ ಬಡಾವಣೆಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

“ನಮ್ಮ ಗೇಟಿನ ಎದುರು ಎರಡು ಮಳೆಮರಗಳಿವೆ. 1986ರಲ್ಲಿ ನಾವು ಮನೆ ಕಟ್ಟಿದಾಗ ನನ್ನ ಭುಜದೆತ್ತರ ಇದ್ದವು, ಈಗ ಮೂರು ಮಹಡಿ ದಾಟಿವೆ. ಬೇರು ಕಾಂಪೌಂಡನ್ನು ಎತ್ತಿದೆ. ಫೆಬ್ರುವರಿ ಬಂದರೆ ಎಲೆ ಗುಡಿಸಿ ಸಾಕಾಗುತ್ತದೆ. ಆರು ವರ್ಷದ ಹಿಂದೆ ತಂತಿಗೆ ತಾಗುತ್ತದೆ ಎಂದು ಒಂದು ಪಕ್ಕ ಪೂರ್ತಿ ಬೋಳಿಸಿ ಹೋದರು. ಎರಡು ವರ್ಷದ ಹಿಂದೆ ಚರಂಡಿ ಹೊಸದಾಯಿತು. ಹೋದ ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಪಕ್ಕದ ಮನೆಯವರ ಕಾರಿನ ಮೇಲೆ ಬಿತ್ತು. ಈಗ ಬೀದಿಯವರೆಲ್ಲ ಸೇರಿ ಕಡಿಸೋಣ ಎನ್ನುತ್ತಿದ್ದಾರೆ. ಅರ್ಜಿಗೆ ನನ್ನದೊಂದು ಸಹಿ ಬಾಕಿ. ಒಂದಕ್ಕೆ ಹತ್ತರಂತೆ ಇಪ್ಪತ್ತು ಸಸಿ ನೆಡಲು ನಾನು ತಯಾರಿದ್ದೇನೆ. ಆಗ ಲೆಕ್ಕ ಸರಿಹೋಗುತ್ತೆ ಅಲ್ವಾ?”

ಮೇಷ್ಟ್ರೇ, ಸಹಿ ಹಾಕುವ ಮೊದಲು ನಮಗೊಂದು ಪತ್ರ ಬರೆದಿರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಲೆಕ್ಕ ಮಾತ್ರ ಸರಿಹೋಗುವುದಿಲ್ಲ.

ನಿಮ್ಮ ಬೀದಿಯವರ ಭಯ ಸುಳ್ಳಲ್ಲ. ಮರ ಬಿದ್ದು ಜೀವ ಹೋದ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಬುಡದಲ್ಲಿ ಅಣಬೆ ಹಲಗೆ ಹಲಗೆಯಾಗಿ ಎದ್ದಿದ್ದರೆ, ಗಾಳಿ ಬೀಸಿದಾಗ ಬುಡದ ಮಣ್ಣು ಉಸಿರಾಡಿದಂತೆ ಏಳುತ್ತಿದ್ದರೆ, ತಟ್ಟಿದರೆ ಕಾಂಡ ಡೊಳ್ಳಿನಂತೆ ಕೇಳಿಸಿದರೆ, ತಡಮಾಡದೆ ತಿಳಿದವರನ್ನು ಕರೆಸಿ. ಕಡಿಯಲೇಬೇಕು ಎಂದು ಅವರು ಹೇಳಿದರೆ ಕಡಿಸಿ. ನಾನು ಅಡ್ಡ ಬರುವುದಿಲ್ಲ.

ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಕೊಂಬೆ ಯಾಕೆ ಬಿತ್ತು ಎನ್ನುವುದು ಅದರಲ್ಲೇ ಇದೆ.

ಒಂದು ಪಕ್ಕ ಬೋಳಿಸಿದರು ಎಂದಿದ್ದೀರಿ. ಹಾಗೆ ಮಾಡಿದರೆ ಮರದ ತೂಕವೆಲ್ಲ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಮೊಂಡು ಮಾಡಿದ ಜಾಗದಿಂದ ಗೊಂಚಲು ಗೊಂಚಲಾಗಿ ಹೊಸ ಚಿಗುರು ಬರುತ್ತದೆ. ನೋಡಲು ಹಸಿರು, ಆದರೆ ಆ ಕೊಂಬೆಗಳು ಒಳಗಿನ ಕಟ್ಟಿಗೆಯಿಂದ ಬೆಳೆದವಲ್ಲ, ತೊಗಟೆಯ ಹತ್ತಿರ ಅಂಟಿಕೊಂಡು ನಿಂತವು. ನಾಲ್ಕೈದು ವರ್ಷದಲ್ಲಿ ದಪ್ಪವಾಗಿ, ಮೇ ತಿಂಗಳ ಮೊದಲ ಗಾಳಿಗೇ ಸೀಳಿಕೊಂಡು ಬರುತ್ತವೆ. ಇನ್ನು ಚರಂಡಿ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಲ್ಲ, ಹೆಚ್ಚಿನ ಬೇರು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ, ನೆರಳು ಬೀಳುವ ಜಾಗವನ್ನೂ ದಾಟಿ ಹರಡಿರುತ್ತದೆ. ಚರಂಡಿಗೆ ಅಗೆದಾಗ ಜೆಸಿಬಿ ಆ ಕಡೆಯ ಬೇರನ್ನೆಲ್ಲ ಕತ್ತರಿಸಿದ್ದರೆ ಮರ ಒಂಟಿಕಾಲಲ್ಲಿ ನಿಂತಿದೆ. ಮೇಲೆ ಒಂದು ಕೈ ಕಡಿದು, ಕೆಳಗೆ ಒಂದು ಕಾಲು ಕಡಿದು, ಆಮೇಲೆ ಮರ ಅಪಾಯ ಎನ್ನುವುದು ಯಾವ ನ್ಯಾಯ?

ಅಲೆಕ್ಸ್ ಶೈಗೊ ಎಂಬ ಅಮೆರಿಕದ ವಿಜ್ಞಾನಿ ಗರಗಸ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಅವರು ಕಂಡುಕೊಂಡದ್ದು ಇಷ್ಟು: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಕೊಳೆತ ಭಾಗಕ್ಕೆ ಒಳಗೇ ಗೋಡೆ ಕಟ್ಟಿ, ಅದರ ಸುತ್ತ ಹೊಸದಾಗಿ ಬೆಳೆಯುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ, ಗಮನಿಸಿ ನೋಡಿ. ಆ ಬಳೆಯ ಹೊರಗೆ ಕತ್ತರಿಸಿದರೆ ತೊಗಟೆ ಸುತ್ತಲಿಂದ ಉರುಳಿ ಬಂದು ಗಾಯ ಮುಚ್ಚುತ್ತದೆ. ಬಳೆಯನ್ನೇ ಕೊಯ್ದರೆ, ಅಥವಾ ಮೊಳದುದ್ದ ಮೋಟು ಬಿಟ್ಟರೆ, ಕೊಳೆ ಒಳಗಿಳಿಯುತ್ತದೆ. ಮೇಲೆ ಬಣ್ಣ, ಟಾರು ಬಳಿದರೂ ಉಪಯೋಗವಿಲ್ಲ. ದೊಡ್ಡ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಕೊಯ್ತ, ಸ್ವಲ್ಪ ಮುಂದೆ ಮೇಲಿನಿಂದ ಇನ್ನೊಂದು, ಭಾರ ಇಳಿದ ಮೇಲೆ ಬಳೆಯ ಹತ್ತಿರ ಕೊನೆಯದು. ಹಾಗೆ ಮಾಡಿದರೆ ತೊಗಟೆ ಸೀಳುವುದಿಲ್ಲ. ಇಷ್ಟು ತಿಳಿದು ಗರಗಸ ಹಿಡಿಯುವವರು ನಮ್ಮ ಬೀದಿಗಳಿಗೆ ಯಾಕೆ ಬರುವುದಿಲ್ಲ ಎಂಬುದೇ ನನ್ನ ಸಂಕಟ.

ನಮ್ಮ ಮನೆ ಮುಂದಿನ ಹೊಂಗೆಯ ಕತೆ ಹೇಳುತ್ತೇನೆ. ಫುಟ್‌ಪಾತ್ ಕೆಲಸದವರು ಬಂದು ಅದರ ಕುತ್ತಿಗೆವರೆಗೆ ಸಿಮೆಂಟ್ ಸುರಿದು ಹೋದರು. ಮುಂದಿನ ಎರಡು ಯುಗಾದಿಗೆ ಅರ್ಧ ಮರ ಮಾತ್ರ ಚಿಗುರಿತು. ಮೂರನೇ ವರ್ಷ ನಾನೂ ಎದುರು ಮನೆಯ ಹುಡುಗನೂ ಹಾರೆ ತಂದು ಸುತ್ತ ಒಂದೊಂದು ಮೀಟರ್ ಒಡೆದೆವು. ಸಿಮೆಂಟಿನ ಚಕ್ಕೆ ಎತ್ತಿ ಮಗುಚಿದರೆ, ಅದರ ಅಡಿಗೆ ಕೂದಲೆಳೆಯಂಥ ಬೇರುಗಳು ಅಂಟಿಕೊಂಡಿದ್ದವು. ಗಾಳಿಗೂ ನೀರಿಗೂ ಮೇಲೆ ಬಂದು, ದಾರಿ ಸಿಗದೆ ಅಲ್ಲೇ ಚಾಪೆಯಂತೆ ಹೆಣೆದುಕೊಂಡಿದ್ದವು. ಮಣ್ಣು ಬೂದಿಯ ಹಾಗೆ ಒಣಗಿತ್ತು. ಆ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮನೆಯಿಂದ ಇಕ್ಕಳ ತಂದು ಕಾಂಡದ ಮೊಳೆ ಕೀಳತೊಡಗಿದ. ಟ್ಯೂಷನ್ ಬೋರ್ಡು, ಪಿಜಿ ಬೋರ್ಡು, ‘ಮನೆ ಬಾಡಿಗೆಗೆ ಇದೆ’. ಒಟ್ಟು 41 ಮೊಳೆ. ಬುಡಕ್ಕೆ ತರಗೆಲೆ ಹಾಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟೆವು. ಅದರ ಮಾರನೇ ವರ್ಷ ಹೂವು ಪುರಿ ಚೆಲ್ಲಿದ ಹಾಗೆ ಬಿತ್ತು.

ಮರದ ಬುಡದ ಸುತ್ತ ಒಂದು ಮೀಟರ್ ಜಾಗಕ್ಕೆ ಕಾಂಕ್ರೀಟ್ ಹಾಕಬಾರದು ಎಂದು 2013ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ವಿಚಾರದಲ್ಲಿ ಹೇಳಿದೆ. ಕೋರ್ಟು ಹೇಳುವವರೆಗೆ ಕಾಯಬೇಕಿತ್ತಾ? ನಮ್ಮಲ್ಲಿ ಭಕ್ತಿಗೂ ಇದೇ ರೋಗ ಅಂಟಿದೆ. ಹಿಂದಿನವರ ಅರಳಿಕಟ್ಟೆ ಕಲ್ಲು ಜೋಡಿಸಿ ಕಟ್ಟಿದ್ದು, ಸಂದಿಯಲ್ಲಿ ನೀರು ಇಳಿಯುತ್ತಿತ್ತು. ಈಗ ಅದಕ್ಕೆ ಗ್ರಾನೈಟ್ ಹಾಸಿ, ಕಾಂಡಕ್ಕೆ ಒತ್ತಿ ಟೈಲ್ಸ್ ಕೂರಿಸಿ, ಪ್ರದಕ್ಷಿಣೆ ಹಾಕುತ್ತೇವೆ.

ಈಗ ನಿಮ್ಮ ಇಪ್ಪತ್ತು ಸಸಿ. ಎಲ್ಲಿ ನೆಡುತ್ತೀರಿ, ಮೇಷ್ಟ್ರೇ? ಆ ಬೀದಿಯಲ್ಲಿ ಜಾಗ ಇದೆಯಾ? ಇದ್ದರೂ ನಿಮ್ಮ ಮಳೆಮರದಷ್ಟು ನೆರಳು ಕೊಡಲು ಅವಕ್ಕೆ ಎಷ್ಟು ವರ್ಷ ಬೇಕು? ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮರವಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ ತಂಪು, ಡಾಂಬರಿನ ಮೈ 27.5 ಡಿಗ್ರಿವರೆಗೆ ತಂಪು. ಇದು ಬೆಳೆದ ಮರದ ಕೆಲಸ. ಮೊಣಕಾಲೆತ್ತರದ ಸಸಿ ಮಾಡುವ ಕೆಲಸ ಅಲ್ಲ. 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನಲ್ಲಿ 15 ಲಕ್ಷ ಗಿಡ ನೆಡಿಸಿದರು. ನಿಮ್ಮ ಎರಡೂ ಅದೇ ಕಾಲದವು. ಮಳೆಮರಕ್ಕೆ ನಲವತ್ತು ಎಂದರೆ ಮುಪ್ಪಲ್ಲ, ಪ್ರಾಯ.

ನೆಡುವುದೆಂದರೆ ನಮಗೆ ಹಬ್ಬ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಶಿಯವರು ವನಮಹೋತ್ಸವ ಶುರು ಮಾಡಿದಂದಿನಿಂದ ನೆಡುತ್ತಲೇ ಇದ್ದೇವೆ. ಜೂನ್ 5ರ ಪರಿಸರ ದಿನ ಬಂದರೆ ನಮ್ಮ ಕಚೇರಿಗೂ ಫೋಟೋಗಳು ರಾಶಿ ಬೀಳುತ್ತವೆ. ಬೆಳೆದ ಮರಕ್ಕೆ ರಸ ಹೀರುವ ಬದನಿಕೆ ಗಿಡ ಹತ್ತಿದೆ, ಬಿಡಿಸಿದೆವು ಎಂಬ ಫೋಟೋ ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ. ಸಾಲುಮರದ ತಿಮ್ಮಕ್ಕನವರನ್ನು ನೆಟ್ಟವರು ಎಂದೇ ನೆನೆಯುತ್ತೇವೆ. ಅವರೂ ಗಂಡನೂ ಆ ಆಲದ ಸಾಲಿಗೆ ಕೊಡದಲ್ಲಿ ನೀರು ಹೊತ್ತದ್ದು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದ್ದು ಯಾಕೆ ನೆನಪಾಗುವುದಿಲ್ಲ? ಕೆರೆಯದ್ದೂ ಇದೇ ಕತೆ, ಗ್ರಂಥಾಲಯದ್ದೂ ಇದೇ, ಶಾಲೆಯ ಕಕ್ಕಸಿನದ್ದೂ ಇದೇ. ಉದ್ಘಾಟನೆಯ ಕಲ್ಲು ಇರುತ್ತದೆ, ನೋಡಿಕೊಳ್ಳಲು ಆಳು ಇರುವುದಿಲ್ಲ. ನಮ್ಮ ಹಿರಿಯರು ಹೀಗಿರಲಿಲ್ಲ. ಕೆರೆ ಕಟ್ಟಿಸಿದರೆ ಸಾಲದು ಎಂದು ಅದರ ಆರೈಕೆಗೆ ಬಿತ್ತುವಟ್ಟ ಎಂದು ಜಮೀನನ್ನೇ ಬಿಟ್ಟು, ಅದನ್ನು ಶಾಸನದಲ್ಲಿ ಕೆತ್ತಿಸಿದರು. ನಮ್ಮ ಪಾಲಿಕೆಗಳು ಬೆಳೆದ ಮರಕ್ಕೆಂದು ಹಾಗೊಂದು ಬಿತ್ತುವಟ್ಟ ಇಡಬಾರದೇ?

ನಿಮ್ಮ ವಿಷಯಕ್ಕೆ ಬರುತ್ತೇನೆ. 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ, ತೆಂಗು, ನೀಲಗಿರಿಯಂಥ ಕೆಲವು ಬಿಟ್ಟರೆ, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಹೇಗೂ ಅರ್ಜಿ ಕೊಡುತ್ತೀರಿ, ಕಡಿಯಿರಿ ಎನ್ನುವ ಬದಲು ಪರೀಕ್ಷಿಸಿ, ಹಗುರ ಮಾಡಿ ಎಂದು ಬರೆಯಿರಿ. ಏಪ್ರಿಲ್ ಗಾಳಿಗೆ ಮೊದಲು ಒಣ ಕೊಂಬೆ, ಮೊಂಡು ಜಾಗದ ಚಿಗುರು, ವಾಲಿದ ಕಡೆಯ ತುದಿಭಾರ ತೆಗೆಸಿ. ಒಟ್ಟು ಹಸಿರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮುಟ್ಟಬೇಡಿ. ಕಾಂಪೌಂಡಿಗೆ ಬೇರು ಕಡಿಸಬೇಡಿ. ಅಷ್ಟು ಜಾಗ ಗೋಡೆ ಒಡೆದು, ಬೇರಿನ ಮೇಲೆ ಬಾಗಿಲ ಲಿಂಟಲ್‌ನಂತೆ ಒಂದು ಕಲ್ಲು ಅಡ್ಡ ಕೂರಿಸಿ ಗೋಡೆ ಕಟ್ಟಿಸಿ. ಗಾರೆಯವರಿಗೆ ಒಂದೆರಡು ದಿನದ ಕೆಲಸ. ಎಲೆಯನ್ನು ಸುಡಬೇಡಿ. ಮಳೆಮರ ತೊಗರಿ, ಹುರುಳಿಯ ನೆಂಟ, ಅದರ ಎಲೆ ಒಳ್ಳೆಯ ಗೊಬ್ಬರ. ಬುಡಕ್ಕೇ ಹಾಸಿ, ಕಾಂಡಕ್ಕೆ ಒತ್ತದಂತೆ.

ಕಾರು ಜಖಂ ಆದ ನೆರೆಮನೆಯವರ ಜೊತೆ ಒಂದು ಸಂಜೆ, ಆರೂವರೆಯ ಹೊತ್ತಿಗೆ, ಮರದ ಕೆಳಗೆ ನಿಲ್ಲಿ. ಎಲೆಗಳು ಒಂದೊಂದಾಗಿ ಮಡಚಿಕೊಂಡು ಮೇಲೆ ಆಕಾಶ ಬಿಚ್ಚಿಕೊಳ್ಳುವುದನ್ನು ಅವರಿಗೆ ತೋರಿಸಿ. ಮಾತು ಆಮೇಲೆ ಆಡಿ. ನಿಮ್ಮ ಮರಗಳ ಬುಡಕ್ಕೂ ಸಿಮೆಂಟ್ ಸುರಿದಿದ್ದರೆ, ಅದನ್ನು ಒಡೆಯುವ ದಿನ ಗೊತ್ತುಮಾಡಿ ಒಂದು ಕಾರ್ಡು ಹಾಕಿ. ಭಾನುವಾರವಾದರೆ ನಾನೂ ಬರುತ್ತೇನೆ. ಹಾರೆ ನನ್ನ ಹತ್ತಿರ ಇದೆ.

— ಸಂಪಾದಕ