ನೆಗಡಿ ಯಾವಾಗ ಸೈನಸ್ ಸೋಂಕಾಗುತ್ತದೆ?

ಪ್ರಶ್ನೆ: ನನಗೆ 34 ವರ್ಷ. ನೆಗಡಿ ಶುರುವಾಗಿ ಎಂಟು ದಿನಗಳಾಗಿವೆ. ಮೊದಲು ನೀರಿನಂತೆ ಸೋರುತ್ತಿದ್ದ ಮೂಗಿನಿಂದ ಈಗ ಹಳದಿ-ಹಸಿರು ಬಣ್ಣದ ಗಟ್ಟಿ ಸಿಂಬಳ ಬರುತ್ತಿದೆ. ಬಗ್ಗಿದಾಗ ಕೆನ್ನೆ ಭಾರವೆನಿಸುತ್ತದೆ, ಜ್ವರವಿಲ್ಲ. ಹಿಂದೆ ಗಂಟಲುನೋವಿಗೆ ಕೊಟ್ಟಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳು ಕೆಲವು ಉಳಿದಿವೆ. ಇದು ಬ್ಯಾಕ್ಟೀರಿಯಾದ ಸೋಂಕೇ? ಆ ಮಾತ್ರೆಗಳನ್ನು ನುಂಗಬಹುದೇ?

ಉತ್ತರ: ಮಾತ್ರೆಗಳನ್ನು ದಯವಿಟ್ಟು ನುಂಗಬೇಡಿ. ನೀವು ಬರೆದಿರುವ ಲಕ್ಷಣಗಳೆಲ್ಲವೂ ವೈರಸ್‌ನಿಂದ ಬರುವ ಸಾಮಾನ್ಯ ನೆಗಡಿಯಲ್ಲಿಯೂ ಕಾಣುವಂಥವೇ, ಮತ್ತು ವೈರಸ್ ಮೇಲೆ ಆ್ಯಂಟಿಬಯೋಟಿಕ್ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಕೆನ್ನೆ, ಹಣೆ ಮತ್ತು ಕಣ್ಣುಗಳ ನಡುವಿನ ಮೂಳೆಗಳಲ್ಲಿರುವ ಸೈನಸ್ ಎಂಬ ಗಾಳಿಗೂಡುಗಳು ಸಣ್ಣ ರಂಧ್ರಗಳ ಮೂಲಕ ಮೂಗಿಗೆ ತೆರೆದುಕೊಳ್ಳುತ್ತವೆ. ನೆಗಡಿಯಾದಾಗ ಒಳಪೊರೆ ಊದಿಕೊಂಡು ಈ ರಂಧ್ರಗಳು ಮುಚ್ಚಿಕೊಳ್ಳುವುದರಿಂದ ಮುಖ ಭಾರವಾಗುತ್ತದೆ. ಹೀಗೆ ನಿಂತ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆದು ಎರಡನೆಯ ಸೋಂಕು ಉಂಟಾಗುವುದು ವಯಸ್ಕರಲ್ಲಿ ನೂರು ನೆಗಡಿಗಳಲ್ಲಿ ಹೆಚ್ಚೆಂದರೆ ಎರಡರಲ್ಲಿ ಮಾತ್ರ.

ಸಿಂಬಳ ಹಸಿರಾದ ಕೂಡಲೇ ಸೋಂಕು ಬಲಿತಿತು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಕೆಲವೊಮ್ಮೆ ಚೀಟಿ ಬರೆಯುವ ವೈದ್ಯರೂ ಅದಕ್ಕೆ ಮಣಿಯುತ್ತಾರೆ. ವಾಸ್ತವದಲ್ಲಿ ಆ ಬಣ್ಣ ಬರುವುದು ಸೋಂಕಿನೊಡನೆ ಹೋರಾಡಲು ಬಂದು ಸೇರಿದ ಬಿಳಿ ರಕ್ತಕಣಗಳಲ್ಲಿರುವ ಹಸಿರು ಕಿಣ್ವದಿಂದ; ಶತ್ರು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬುದನ್ನು ಅದು ಹೇಳುವುದಿಲ್ಲ.

ಬಣ್ಣಕ್ಕಿಂತ ಹೆಚ್ಚಿನದನ್ನು ತಿಳಿಸುವುದು ಕಾಯಿಲೆ ಸಾಗಿದ ಬಗೆ. ಮೂಗು ಕಟ್ಟುವುದು, ಗಟ್ಟಿ ಸಿಂಬಳ, ಮುಖದ ನೋವು ಇವು ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ ಬ್ಯಾಕ್ಟೀರಿಯಾವನ್ನು ಶಂಕಿಸಬೇಕು. ನೆಗಡಿ ಐದಾರು ದಿನಗಳಲ್ಲಿ ಗುಣವಾಗುತ್ತಾ ಬಂದು, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಹೊಸದಾಗಿ ಜ್ವರ, ತಲೆನೋವು ಕಾಣಿಸಿಕೊಂಡು ಸಿಂಬಳ ಹೆಚ್ಚಾದರೆ, ಆ ಮರುಕಳಿಕೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಸುಳಿವು. ರೋಗಿಗಳು ಮಾತ್ರ ಅದನ್ನು ಕೇಳದ ಹೊರತು ಹೇಳುವುದಿಲ್ಲ. ಅಪರೂಪಕ್ಕೆ, ಆರಂಭದಿಂದಲೇ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಕೀವಿನಂತಹ ಸಿಂಬಳದೊಡನೆ ಮೂರು ನಾಲ್ಕು ದಿನ ಸತತವಾಗಿ ಇರುವುದೂ ಉಂಟು. ಒಂದೇ ಬದಿಯ ಕೆನ್ನೆಯ ನೋವು ಮತ್ತು ಅದೇ ಬದಿಯ ಮೇಲಿನ ದವಡೆ ಹಲ್ಲುಗಳ ನೋವು ಈ ಶಂಕೆಯನ್ನು ಬಲಪಡಿಸುತ್ತವೆ. ಆದರೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಹಲ್ಲಿನ ಬೇರಿನ ಕೀವು ಸೈನಸ್‌ಗೆ ಹರಡಿರಬಹುದಾದ್ದರಿಂದ ದಂತವೈದ್ಯರಿಗೂ ತೋರಿಸಬೇಕು. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್‌ಗಳು ಈ ಹಂತದಲ್ಲಿ ಬೇಡ. ಬರಿಯ ನೆಗಡಿಯಲ್ಲಿಯೂ ಸೈನಸ್‌ಗಳು ತುಂಬಿದಂತೆಯೇ ಕಾಣುತ್ತವೆ.

ನಿಮ್ಮದು ಎಂಟನೆಯ ದಿನ, ಜ್ವರವಿಲ್ಲ, ಮರುಕಳಿಕೆಯೂ ಇಲ್ಲ. ಇನ್ನೆರಡು ಮೂರು ದಿನ ಕಾಯುವುದರಲ್ಲಿ ತಪ್ಪಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಉಪ್ಪು ಬೆರೆಸಿ ಮೂಗು ತೊಳೆದುಕೊಳ್ಳಿ. ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೂಗು ಬಿಡಿಸುವ ಹನಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಹಾಕಿದರೆ, ಬಿಟ್ಟ ಮೇಲೆ ಮೂಗು ಇನ್ನಷ್ಟು ಕಟ್ಟುತ್ತದೆ. ಹತ್ತು ದಿನ ಮೀರಿದರೆ ವೈದ್ಯರನ್ನು ಕಾಣಿ. ಆಗಲೂ ಅವರು ತಕ್ಷಣ ಆ್ಯಂಟಿಬಯೋಟಿಕ್ ಬರೆಯದೆ ಕೆಲವು ದಿನ ನೋಡೋಣ ಎಂದರೆ ಅದನ್ನು ಅಲಕ್ಷ್ಯವೆಂದು ಭಾವಿಸಬೇಡಿ, ಏಕೆಂದರೆ ಬ್ಯಾಕ್ಟೀರಿಯಾದ ಸೋಂಕೂ ಅನೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕಣ್ಣಿನ ಸುತ್ತ ಊತ ಅಥವಾ ಕೆಂಪು, ಒಂದು ವಸ್ತು ಎರಡಾಗಿ ಕಾಣುವುದು, ಹಣೆಯ ಊತ, ತಡೆಯಲಾರದ ತಲೆನೋವು, ಕುತ್ತಿಗೆ ಬಿಗಿತ, ಮಂಪರು ಇವುಗಳಲ್ಲಿ ಯಾವುದು ಕಂಡರೂ ದಿನ ಎಣಿಸುತ್ತ ಕೂರದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹ ಹತೋಟಿಯಲ್ಲಿ ಇಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು ಹತ್ತು ದಿನ ಕಾಯುವಂತಿಲ್ಲ.

ಪ್ರಶ್ನೆ: ತಿಂಗಳಿಗೆ ಎರಡು ಮೂರು ಬಾರಿ ನನಗೆ ಹಣೆ ಮತ್ತು ಕಣ್ಣಿನ ಸುತ್ತ 'ಸೈನಸ್ ತಲೆನೋವು' ಬರುತ್ತದೆ. ಸಿಂಬಳ ಬರುವುದಿಲ್ಲ. ಪ್ರತಿ ಬಾರಿಯೂ ಸೋಂಕಾಗುತ್ತಿದೆಯೇ?

ಉತ್ತರ: ಕೀವಿನ ಸಿಂಬಳವೂ ಮೂಗು ಕಟ್ಟುವಿಕೆಯೂ ಇಲ್ಲದೆ, ಬಂದು ಹೋಗುವ ಇಂತಹ ನೋವು ಸೈನಸ್ ಸೋಂಕಾಗಿರುವ ಸಾಧ್ಯತೆ ಕಡಿಮೆ. ನೋವಿನ ಜೊತೆಗೆ ವಾಕರಿಕೆ ಬರುತ್ತದೆಯೇ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲವೇ ಎಂದು ಗಮನಿಸಿ. ಹೌದಾದರೆ ಅದು ಮೈಗ್ರೇನ್ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ನೋವು ಬಂದ ದಿನ, ಎಷ್ಟು ಹೊತ್ತು ಇತ್ತು, ಜೊತೆಗೆ ಇನ್ನೇನಾಯಿತು ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.