ಓದುಗರ ಪ್ರಶ್ನೆ: ಜುರಾಸಿಕ್ ಸರಣಿ ಎಲ್ಲಿ ಹಳಿ ತಪ್ಪಿತು?

ಪ್ರ: ಗ್ರಾಫಿಕ್ಸ್ ಅತಿಯಾಗಿಯೇ ಡೈನೋಸಾರ್ ಕಥೆಯ ಜುರಾಸಿಕ್ ಚಿತ್ರಸರಣಿ ಕೆಟ್ಟಿತು ಎಂದು ನಮ್ಮ ಬಳಗದಲ್ಲಿ ಅರ್ಧ ಜನರ ವಾದ. ಒಪ್ಪುತ್ತೀರಾ?
– ಓದುಗರು, ಬಸವನಗುಡಿ

ಉ: ಪೂರ್ತಿ ಒಪ್ಪಲಾಗದು. 2018ರ 'ಫಾಲನ್ ಕಿಂಗ್‌ಡಮ್', 2022ರ 'ಡೊಮಿನಿಯನ್' ಎರಡರಲ್ಲೂ ಯಂತ್ರಚಾಲಿತ ಬೊಂಬೆಗಳಿವೆ. ಆದರೂ ಎದೆ ಝಲ್ ಎನ್ನುವುದಿಲ್ಲ. ಕೈಬಿಟ್ಟುಹೋಗಿರುವುದು ನೋಡುಗರನ್ನು ಕಾಯುವಂತೆ ಮಾಡುವ ಕಲೆ.

1993ರ ಮೊದಲ ಚಿತ್ರ 'ಜುರಾಸಿಕ್ ಪಾರ್ಕ್' 127 ನಿಮಿಷದ್ದು. ಅದರಲ್ಲಿ ಡೈನೋಸಾರ್ ಕಾಣಿಸುವುದು ಸುಮಾರು 15 ನಿಮಿಷ, ಕಂಪ್ಯೂಟರಿನಲ್ಲಿ ಮಾಡಿದ್ದು 6 ನಿಮಿಷದ ಆಸುಪಾಸು. ಟಿ-ರೆಕ್ಸ್ ಎಂಬ ದೈತ್ಯ ಬೇಟೆಗಾರ ಡೈನೋಸಾರ್ ಮುಖ ತೋರಿಸುವುದೇ ಒಂದು ಗಂಟೆ ಕಳೆದ ಮೇಲೆ. ಆ ದೃಶ್ಯ ಗಮನಿಸಿ: ಮಳೆ, ಕರೆಂಟಿಲ್ಲ. ಮೊದಲು ಲೋಟದ ನೀರಿನಲ್ಲಿ ಅಲೆ. ಆಮೇಲೆ ಕಟ್ಟಿಹಾಕಿದ್ದ ಮೇಕೆ ಮಾಯ, ಅದರ ಕಾಲು ಕಾರಿನ ಗಾಜಿನ ಚಾವಣಿಯ ಮೇಲೆ ಧೊಪ್ಪನೆ ಬೀಳುತ್ತದೆ. ಬೇಲಿ ತಂತಿಯ ಮೇಲೆ ಉಗುರು. ಕೊನೆಗೆ ಮುಖ. ಆ ದಾಳಿ ಮುಗಿಯುವ ತನಕ ಹಿನ್ನೆಲೆ ಸಂಗೀತವೇ ಇಲ್ಲ.

ಲೋಟದ ಆ ದುಂಡನೆಯ ಅಲೆಗಳಿಗೆ ಕಾರಿನೊಳಗಿಂದ ನೆಲದವರೆಗೆ ಗಿಟಾರ್ ತಂತಿ ಎಳೆದು, ಒಬ್ಬರು ಕೆಳಗೆ ಮಲಗಿ ಮೀಟಿದ್ದರು. ಬೊಂಬೆ ತಯಾರಕ ಸ್ಟಾನ್ ವಿನ್‌ಸ್ಟನ್ ತಂಡದ ದೈತ್ಯ ಟಿ-ರೆಕ್ಸ್ ಬೊಂಬೆಯ ಚರ್ಮ ಮಳೆನೀರು ಹೀರಿ ಭಾರವಾಗಿ, ಮೈ ನಡುಗತೊಡಗುತ್ತಿತ್ತು; ಒರೆಸಿ ಒಣಗಿಸಿಯೇ ಮುಂದಿನ ಶಾಟ್. ಇಷ್ಟು ಪಾಡು ಪಡುವವರು ಯಾವ ಶಾಟನ್ನೂ ಸುಮ್ಮನೆ ಇಡುವುದಿಲ್ಲ.

ಪ್ರ: ಹಾಗಾದರೆ ಕುಸಿತ ಶುರುವಾದದ್ದು ಯಾವ ಚಿತ್ರದಿಂದ?
– ಓದುಗರು, ರಾಜಾಜಿನಗರ

ಉ: ಹಲವರು 2001ರ ಮೂರನೆಯ ಚಿತ್ರದತ್ತ ಬೊಟ್ಟು ಮಾಡುತ್ತಾರೆ. ನಮ್ಮ ಪ್ರಕಾರ 2015ರ 'ಜುರಾಸಿಕ್ ವರ್ಲ್ಡ್'. ಮೊದಲ ಚಿತ್ರದಲ್ಲಿ ರ್‍ಯಾಪ್ಟರ್ ಎಂಬ ಚುರುಕಾದ ಬೇಟೆಗಾರ ಡೈನೋಸಾರ್ ಬಾಗಿಲ ಹಿಡಿ ತಿರುಗಿಸಿದ್ದಕ್ಕೇ ಮೈ ಬೆವರುತ್ತಿತ್ತು. ಇಲ್ಲಿ ಅವೇ ಪ್ರಾಣಿಗಳು ಕೈಸನ್ನೆಗೆ ತಲೆಬಾಗಿ, ಬೈಕಿನ ಪಕ್ಕ ಓಡುತ್ತವೆ. ಹೆದರಿಕೆ ಹೋದ ಜಾಗವನ್ನು ತುಂಬಲು ಹೊಸ ಮಿಶ್ರತಳಿಯನ್ನೇ ಹುಟ್ಟಿಸಬೇಕಾಯಿತು. ಇನ್ನು 'ಫಾಲನ್ ಕಿಂಗ್‌ಡಮ್' ಕೊನೆಗೆ ಡೈನೋಸಾರ್‌ಗಳನ್ನು ಊರೊಳಕ್ಕೇ ಬಿಟ್ಟಿತು. ಎಂಥ ಒಳ್ಳೆಯ ಎಳೆ! 'ಡೊಮಿನಿಯನ್' ಅದನ್ನು ಬಿಟ್ಟು ಮಿಡತೆಗಳ ಹಿಂದೆ ಬಿದ್ದು, ಮತ್ತೆ ಇಟಲಿಯ ಬೆಟ್ಟಗಳ ನಡುವಿನ ಕಂಪನಿ ತಾಣಕ್ಕೆ ಕಥೆ ಒಯ್ದಿತು. ಸರಣಿಯ ಅತಿ ದೊಡ್ಡ ನಷ್ಟ ಇದೇ.

ಪ್ರ: 2015ರ ಚಿತ್ರ 160 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತಲ್ಲ?
– ಓದುಗರು, ಜಯನಗರ

ಉ: ಗಳಿಸಿತು. 'ಡೊಮಿನಿಯನ್' ಕೂಡ 100 ಕೋಟಿ ದಾಟಿತು. ಹೆಸರಿಗೆ ಎಷ್ಟು ಎಳೆತವಿದೆ ಎಂಬುದಕ್ಕೆ ಅದು ಲೆಕ್ಕ, ಚಿತ್ರದ ಗುಣಕ್ಕಲ್ಲ.

ಪ್ರ: ಗೆಳೆಯರನ್ನು ಕೂರಿಸಿಕೊಂಡು ಹಳೆಯದು, ಹೊಸದು ಹೋಲಿಸಬೇಕೆಂದಿದ್ದೇವೆ. ಹೇಗೆ?
– ಓದುಗರು, ಯಲಹಂಕ

ಉ: ಇಡೀ ಚಿತ್ರ ಹಾಕಬೇಡಿ, ವಾದ ಚದುರಿಹೋಗುತ್ತದೆ. 1993ರ ಬೇಲಿಯ ದೃಶ್ಯ, 2025ರ 'ರೀಬರ್ತ್'ನಲ್ಲಿ ಟಿ-ರೆಕ್ಸ್ ಮಲಗಿರುವ ನದಿ ದಡದ ದೃಶ್ಯ, ಇವೆರಡು ಸಾಕು. ಮೊದಲ ಸಲ ಧ್ವನಿ ಮುಚ್ಚಿ ನೋಡಿ. ಪ್ರಾಣಿಯ ಸುಳಿವು ಸಿಕ್ಕಿದ ಕ್ಷಣ, ಇಡೀ ಮೈ ಕಂಡ ಕ್ಷಣ ಎರಡನ್ನೂ ಬರೆದುಕೊಳ್ಳಿ. ಎರಡನೆಯ ಸಲ ಧ್ವನಿಯೊಂದಿಗೆ. ಲ್ಯಾಪ್‌ಟಾಪ್ ಸ್ಪೀಕರ್ ಬೇಡವೇ ಬೇಡ: ಹೆಜ್ಜೆಯ ತಗ್ಗು ಸದ್ದು ಅದರಲ್ಲಿ ಕೇಳಿಸದೆ, ಡಿಟಿಎಸ್ ಎಂಬ ಚಿತ್ರಮಂದಿರದ ಡಿಜಿಟಲ್ ಧ್ವನಿಯೊಂದಿಗೆ ಬಂದ ಮೊದಲ ಚಿತ್ರವೇ ಸಪ್ಪೆ ಎನಿಸಿಬಿಡುತ್ತದೆ. ಪ್ರೊಜೆಕ್ಟರ್ ಆದರೆ ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲವಾದರೆ ಮಳೆರಾತ್ರಿಯ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ನದಿಯ ದೃಶ್ಯದಲ್ಲಿ ಹಳೆಯ ತಾಳ್ಮೆ ಮರಳಿರುವುದು ನಿಮಗೇ ಕಾಣುತ್ತದೆ. ಅದೇ ಚಿತ್ರದ ಕೊನೆಯಲ್ಲಿ ಬರುವ ಆರು ಕೈಕಾಲಿನ ಪ್ರಾಣಿಯನ್ನೂ ನೋಡಿ, ಆಮೇಲೆ ವಾದಕ್ಕೆ ಕೂರಿ.