ಅಮ್ಮನ ಕೈಗೆ ಸಿಗದ ಬೆಲ್ಲು

ಓದುಗರೊಬ್ಬರ ಪತ್ರ: 'ನಡೆಯಲು ಕಷ್ಟವಾದ ಮೇಲೆ ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಸಂಜೆ ಆರಕ್ಕೇ ಊಟ ಕೊಟ್ಟು ಮಲಗಿಸಿಬಿಡುತ್ತಾರೆ. ಕರೆಯುವ ಬೆಲ್ಲು ಮಂಚದ ಹಿಂದೆ, ಅವರ ಕೈಗೆ ಸಿಗದ ಹಾಗೆ ನೇತಾಡುತ್ತಿರುತ್ತದೆ. ದೂರು ಕೊಡೋಣ ಅಂದರೆ ಅಮ್ಮ, "ಬೇಡ ಕಣಪ್ಪ, ನೀನು ಹೊರಟುಹೋಗ್ತೀಯ, ಇಲ್ಲಿ ಇರಬೇಕಾದವಳು ನಾನು" ಅಂತಾರೆ. ಏನು ಮಾಡಲಿ?'

ನಿಮ್ಮಮ್ಮನ ಆ ಒಂದು ಮಾತಿನಲ್ಲೇ ಎಲ್ಲಾ ಇದೆ. ಅಂಗಡಿಯವನು ಮೋಸ ಮಾಡಿದರೆ ಜಗಳ ಆಡಿ ಬೇರೆ ಅಂಗಡಿಗೆ ಹೋಗಬಹುದು. ಆದರೆ ನಿಮ್ಮಮ್ಮ ಯಾರ ಮೇಲೆ ದೂರು ಹೇಳಬೇಕೋ, ಅವರೇ ರಾತ್ರಿ ಇವರನ್ನು ಕೈ ಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು. ವಯಸ್ಸಾದವರಿಗೆ ಸುಮ್ನೆ ಅನುಮಾನ ಅಂತ ಈ ಭಯವನ್ನು ತಳ್ಳಿಹಾಕಬೇಡಿ.

ಆರೈಕೆ ಕೇಂದ್ರಗಳಲ್ಲಿರುವವರ ಇಂಥ ದೂರುಗಳನ್ನು ಕೇಳಲೆಂದು ಅಮೆರಿಕದಲ್ಲಿ 1972ರಲ್ಲಿ ಒಂದು ಪ್ರಯೋಗ ಶುರುವಾಯಿತು. ಕೇಂದ್ರದವರೂ ಅಲ್ಲದ, ಮನೆಯವರೂ ಅಲ್ಲದ ಒಬ್ಬರು ಬಂದು, ಅಲ್ಲಿರುವವರ ಮಾತನ್ನು ಅವರ ಪರವಾಗಿ ಕೇಳುವುದು. ಇವರಿಗೆ ಒಂಬುಡ್ಸ್‌ಮನ್ ಅಂತ ಹೆಸರು. ಬ್ಯಾಂಕಿನ ದೂರುಗಳ ವಿಷಯದಲ್ಲಿ ಈ ಪದ ಕೇಳಿರುತ್ತೀರಿ. 1978ರಲ್ಲಿ ಅಲ್ಲಿನ ಪ್ರತಿ ರಾಜ್ಯಕ್ಕೂ ಇದು ಕಡ್ಡಾಯವಾಯಿತು. ಇದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಒಂದು ನಿಯಮ. ದೂರು ಹೇಳಿದವರು ಒಪ್ಪದೆ ಅವರ ಹೆಸರನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ. ಕೋರ್ಟು ಕೇಳಿದರೆ ಬೇರೆ ಮಾತು. ಮಗ ಕೇಳಿದರೂ ಇಲ್ಲ!

1987ರಲ್ಲಿ ಬಂದ ಇನ್ನೊಂದು ಕಾನೂನು, ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಿಹಾಕಬಾರದು, ಮಂಪರು ಬರಿಸುವ ಔಷಧ ಕೊಡಬಾರದು ಎಂದಿತು. ನನ್ನನ್ನು ಕೇಳಿದರೆ, ಏಳಲಾಗದವರಿಗೆ ಬೆಲ್ಲು ಸಿಗದ ಹಾಗೆ ಮಾಡುವುದೂ ಕಟ್ಟಿಹಾಕಿದ ಹಾಗೇ ಅಲ್ವಾ? ಎಲ್ಲಾ ದೇಶಗಳಲ್ಲೂ ಇಂಥ ಕಾನೂನಿಲ್ಲ, ನಿಜ. ಆದರೆ ಆರೈಕೆ ಕೇಂದ್ರದಲ್ಲಿದ್ದರೂ ತಮ್ಮ ಆರೈಕೆ ಹೇಗಿರಬೇಕೆಂದು ತೀರ್ಮಾನಿಸುವ ಹಕ್ಕು ಹಿರಿಯರಿಗೆ ಇರಬೇಕು ಎಂದು ವಿಶ್ವಸಂಸ್ಥೆ 1991ರಲ್ಲೇ ಹೇಳಿದೆ.

ಒಂದು ಮಾತು, ಬೇಜಾರಾಗಬೇಡಿ. ಅಮ್ಮನಿಗೆ ಏನು ಬೇಕು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಏನು ಬೇಡ ಅನ್ನುವುದಷ್ಟೇ ಇದೆ. ಒಬ್ಬರೇ ಇರುವಾಗ ಕೇಳಿ. ಆರಕ್ಕೆ ಮಲಗುವುದು ಅವರಿಗೆ ಅಷ್ಟೇನೂ ಕಷ್ಟವಿಲ್ಲದಿರಬಹುದು, ಬೇರೆ ಯಾವುದೋ ಚಿಕ್ಕ ವಿಷಯ ಕೊರೆಯುತ್ತಿರಬಹುದು. ಅವರು ಹೂಂ ಅಂದ ವಿಷಯವನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ಸೇರಿಸುವಾಗ ಸಹಿ ಹಾಕಿದ ಕರಾರು ಪತ್ರ ತೆಗೆದು ಓದಿ. ಕಂಡದ್ದನ್ನು ತಾರೀಕು, ಹೊತ್ತು ಹಾಕಿ ಬರೆದಿಡಿ. ಅಲ್ಲಿರುವ ಬೇರೆಯವರ ಮಕ್ಕಳ ಜೊತೆಯೂ ಮಾತಾಡಿ. ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿದರೆ ಇಂಥವರೇ ದೂರಿದರು ಅಂತ ನಿಮ್ಮಮ್ಮನ ಕಡೆ ಬೆರಳು ತೋರಿಸುವುದು ಕಷ್ಟ.

ಮೊದಲೇ ಹೇಳಿ ಭಾನುವಾರ ಮಧ್ಯಾಹ್ನವೇ ಹೋಗುತ್ತಿದ್ದರೆ ಅದನ್ನು ಬಿಡಿ. ಒಂದು ದಿನ ಸಂಜೆ ಏಳಕ್ಕೆ ಹೋಗಿ. ಬೆಲ್ಲಿನ ವಯರನ್ನು ಮುಂದಕ್ಕೆ ಎಳೆದು ಅಮ್ಮನ ಕೈಗೆ ಕೊಟ್ಟು, ಒಂದು ಸಲ ಒತ್ತಲು ಹೇಳಿ. ನೀವು ಗಡಿಯಾರ ನೋಡುತ್ತಾ ಕೂತಿರಿ.